2007ರ ಬೊಲೆರೊ ಪಿಕಪ್‌ಗೆ ಸ್ಕಾರ್ಪಿಯೊ ಎಂಜಿನ್ ಕೂರಿಸಬಹುದೇ? (ಮುಂಗಡ ಕೊಟ್ಟಾಗಿದೆ)

ಭರಮಸಾಗರ ಪಿಕಪ್

ಎಲ್ಲರಿಗೂ ನಮಸ್ಕಾರ. ನನ್ನದು 2007ರ ಬೊಲೆರೊ ಪಿಕಪ್, ಕೆಎ-16 ನೋಂದಣಿ, 2523 ಸಿಸಿಯ ಡಿಐ ಟರ್ಬೊ ಎಂಜಿನ್. ಎಷ್ಟು ಓಡಿದೆ ಎಂದು ಕೇಳಬೇಡಿ. ಮೀಟರ್ ಕೇಬಲ್ ತುಂಡಾಗಿ ವರ್ಷಗಳೇ ಆದವು. ನಾಲ್ಕು ಲಕ್ಷ ಕಿಲೋಮೀಟರ್‌ಗೆ ಕಡಿಮೆಯಂತೂ ಇರಲಾರದು. ಅಪ್ಪ ಕೊಂಡ ಗಾಡಿ. ಅವರು ತೀರಿಕೊಂಡ ಮೇಲೆ ನಾನೇ ಓಡಿಸುತ್ತಿದ್ದೇನೆ. ಸುಗ್ಗಿಯಲ್ಲಿ ಮೆಕ್ಕೆಜೋಳ ತುಂಬಿಕೊಂಡು ದಾವಣಗೆರೆ ಎಪಿಎಂಸಿಗೆ, ಈರುಳ್ಳಿ ಕಾಲದಲ್ಲಿ ಒಮ್ಮೊಮ್ಮೆ ಯಶವಂತಪುರದವರೆಗೆ, ಉಳಿದ ದಿನ ಊರಿನವರ ಸಿಮೆಂಟು, ಗೊಬ್ಬರ, ಮದುವೆಯ ಪಾತ್ರೆ.

ತೊಂದರೆ ಇಷ್ಟು. ಇಪ್ಪತ್ತನಾಲ್ಕು ಚೀಲ ಜೋಳ ಹಾಕಿದರೆ (ಗಾಡಿಯ ಯೋಗ್ಯತೆ ನೋಡಿ ಎಫ್‌ಸಿ ಪತ್ರ ಕೊಡುವವರು ಯಾರಾದರೂ ಓದುತ್ತಿದ್ದರೆ ಹದಿನೆಂಟು ಎಂದು ಓದಿಕೊಳ್ಳಿ) ಹೆದ್ದಾರಿಯ ಮೇಲ್ಸೇತುವೆ ಏರುವಾಗ ಮೂರನೇ ಗೇರಿನಲ್ಲಿ ಉಸಿರು ಕಟ್ಟುತ್ತದೆ. ಎರಡನೆಯದಕ್ಕೆ ಇಳಿಸಲೇಬೇಕು. ಹೊಗೆ ಎಷ್ಟೆಂದರೆ, ಹಿಂದೆ ಬರುವ ಬೈಕಿನವರು ನನ್ನ ವಂಶವನ್ನೆಲ್ಲ ನೆನೆಯುತ್ತಾರೆ. ಬೆಳಿಗ್ಗೆ ಸ್ಟಾರ್ಟ್ ಆಗುವುದಕ್ಕೆ ತಕರಾರಿಲ್ಲ. ಆಯಿಲ್ ಸ್ವಲ್ಪ ಕುಡಿಯುತ್ತದೆ. ಎರಡು ವರ್ಷದ ಹಿಂದೆ ಹೀಗಿರಲಿಲ್ಲ.

ನನ್ನ ಭಾವಮೈದ ಫೋನಿನಲ್ಲಿ ವಿಡಿಯೊ ನೋಡಿ ನೋಡಿ, "ಎಂಜಿನ್ನನ್ನೇ ಬದಲಿಸಿಬಿಡಿ ಭಾವ" ಎಂದು ತಲೆಗೆ ಹುಳ ಬಿಟ್ಟಿದ್ದಾನೆ. ಹುಬ್ಬಳ್ಳಿ ಕಡೆಯ ಒಂದು ಗುಜರಿಯಲ್ಲಿ 2012ರ ಸ್ಕಾರ್ಪಿಯೊ ಇದೆ. ಹಿಂದಿನಿಂದ ಲಾರಿ ಗುದ್ದಿದ್ದು, ಮುಂಭಾಗಕ್ಕೆ ಏನೂ ಆಗಿಲ್ಲ. ಎಂಹಾಕ್ ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರಿ 95,000 ರೂಪಾಯಿ. ಇಲ್ಲಿಯ ಗ್ಯಾರೇಜಿನವರು ಕೂರಿಸುವ ಕೂಲಿ 40,000 ಹೇಳಿದ್ದಾರೆ, ಹದಿನೈದು ದಿನದಲ್ಲಿ ಗಾಡಿ ಕೈಗೆ ಕೊಡುತ್ತಾರಂತೆ. ಗುಜರಿಯವನಿಗೆ ಹತ್ತು ಸಾವಿರ ಮುಂಗಡ ಕೊಟ್ಟು ಬಂದಿದ್ದೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಕೂರುತ್ತದೆಯೇ? ಎಳೆಯುತ್ತದೆಯೇ? ಕಾಗದಪತ್ರದ ಕಥೆ ಏನು? ಮಾಡಿಸಿದವರು ಇದ್ದರೆ ಹೇಳಿ. ಹೊಸ ಗಾಡಿ ತೆಗೆದುಕೊಳ್ಳಿ ಎಂದು ಮಾತ್ರ ಯಾರೂ ಹೇಳಬೇಡಿ. ಅಷ್ಟು ದುಡ್ಡಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ.

ಜಗಳೂರು ಶೇಂಗಾ

ನನ್ನದೂ ಇದೇ ತೊಂದರೆ, 2009ರ ಗಾಡಿ. ಉತ್ತರ ಸಿಕ್ಕರೆ ನನಗೂ ತಿಳಿಸಿ.

ಹಳೇ ನಾಝಲ್

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ ಮೂವತ್ತೊಂದು ವರ್ಷ ಎಂಜಿನ್ನಿನ ಡೀಸೆಲ್ ಪಂಪ್ ಮತ್ತು ಡೀಸೆಲ್ ಸಿಂಪಡಿಸುವ ನಾಝಲ್ ರಿಪೇರಿ ಮಾಡಿದವನು ನಾನು. ಈಗ ಅಂಗಡಿ ಮಗನದು, ನಾನು ಕುರ್ಚಿಯವನು. ಹಾಗಾಗಿ ಉದ್ದವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ತಮ್ಮಾ, ನಿನ್ನ ಬರಹದಲ್ಲಿ ಒಂದು ಮಾತು ನೋಡಿದೆ: "ಎರಡು ವರ್ಷದ ಹಿಂದೆ ಹೀಗಿರಲಿಲ್ಲ." ಅಂದ ಮೇಲೆ ಈ ಎಂಜಿನ್ನಿಗೆ ಆ ಏರನ್ನು ಮೂರನೇ ಗೇರಿನಲ್ಲಿ ಹತ್ತುವ ಶಕ್ತಿ ಇತ್ತು. ಅದು ಎಲ್ಲಿಗೆ ಹೋಯಿತು ಎಂದು ಯಾರಾದರೂ ನೋಡಿದರೇ? ಗ್ಯಾರೇಜಿನವರು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿದರೇ? ನಾಝಲ್ ಬಿಚ್ಚಿದರೇ? ಏನನ್ನೂ ಬಿಚ್ಚದೆ 40,000 ಹೇಳಿದ್ದರೆ ಅವರು ಗಾಡಿಯನ್ನು ನೋಡಿಲ್ಲ, ನಿನ್ನನ್ನು ನೋಡಿದ್ದಾರೆ.

ನಿನ್ನ ಎಂಜಿನ್ ಎಂಥದ್ದು ಎಂದು ಮೊದಲು ತಿಳಿದುಕೋ. ಬೋರು, ಅಂದರೆ ಸಿಲಿಂಡರಿನ ಅಗಲ, 88.9 ಮಿಲಿಮೀಟರ್; ಸ್ಟ್ರೋಕು, ಅಂದರೆ ಪಿಸ್ಟನ್ ಓಡುವ ದೂರ, 101.6. ಈ ಚಿಲ್ಲರೆ ಅಂಕಿ ಎಲ್ಲಿಂದ ಬಂತು ಎಂದು ಯೋಚಿಸಿದ್ದೀಯಾ? ಇಂಚಿಗೆ ತಿರುಗಿಸಿದರೆ ಮೂರೂವರೆ ಇಂಚು, ನಾಲ್ಕು ಇಂಚು. ಹಳೆಯ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಬಿಡಿ-154 ಎಂಜಿನ್ನಿನ ಅಳತೆಯೂ ಇದೇ. ಮಹೀಂದ್ರ ಕಂಪನಿ 1960ರ ದಶಕದಲ್ಲಿ ಟ್ರ್ಯಾಕ್ಟರ್ ಮಾಡಲು ಶುರು ಮಾಡಿದ್ದು ಇಂಟರ್‌ನ್ಯಾಷನಲ್ ಜೊತೆಗೇ. ಅಂದರೆ ನಿನ್ನದು ಹೊಲದಲ್ಲಿ ಹುಟ್ಟಿದ ಎಂಜಿನ್. ಅಶ್ವಶಕ್ತಿ ಅರವತ್ತು ಚಿಲ್ಲರೆ, ಆದರೆ ಕೆಳಗಿನ ಆರ್‌ಪಿಎಂನಲ್ಲೇ ಕೈಹಿಡಿದು ಎತ್ತುತ್ತದೆ. ಎಂಹಾಕ್ 2179 ಸಿಸಿ, 120 ಅಶ್ವಶಕ್ತಿ, ಎಳೆತ 290 ನ್ಯೂಟನ್ ಮೀಟರ್. ನಿನ್ನದರ ಒಂದೂವರೆ ಪಾಲು. ಒಳ್ಳೆಯ ಎಂಜಿನ್, ದೂರುವುದಿಲ್ಲ. ಆದರೆ ಆ 290 ಸಿಗುವುದು 1800ರಿಂದ 2800 ಆರ್‌ಪಿಎಂ ನಡುವೆ. ಪೂರ್ತಿ 120 ಸಿಗಬೇಕಾದರೆ 4000ಕ್ಕೆ ಏರಿಸಬೇಕು. ನಿನ್ನ ಗಾಡಿಯ ಹಿಂದಿನ ಹೌಸಿಂಗು, ಕ್ರೌನ್ ಪಿನಿಯನ್ನು, ಪ್ರೊಪೆಲ್ಲರ್ ಶಾಫ್ಟು, ಚಕ್ರಕ್ಕೆ ಶಕ್ತಿ ಒಯ್ಯುವ ಇವೆಲ್ಲ ನಿಧಾನದ ಮನುಷ್ಯನಿಗೆ ಹೊಲಿದ ಅಂಗಿ.

ಇನ್ನು ಡೀಸೆಲ್. ನಿನ್ನ ಹಳೆಯ ನಾಝಲ್ 200ರಿಂದ 250 ಬಾರ್ ಒತ್ತಡಕ್ಕೆ ಬಾಯಿ ತೆರೆಯುತ್ತದೆ. ಎಂಹಾಕ್‌ನದು ಕಾಮನ್ ರೈಲ್, ಅಂದರೆ ಒಂದೇ ಕೊಳವೆಯಿಂದ ನಾಲ್ಕೂ ಇಂಜೆಕ್ಟರಿಗೆ ಡೀಸೆಲ್ ಹೋಗುವ ಬಗೆ. ಅದರಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಆ ಇಂಜೆಕ್ಟರಿನ ಒಳಗಿನ ಸಂದು ಕೂದಲಿಗಿಂತ ಎಷ್ಟೋ ಪಾಲು ಸಣ್ಣದು. ಸುಗ್ಗಿಯಲ್ಲಿ ನೀವೆಲ್ಲ ಏನು ಮಾಡುತ್ತೀರಿ ಎಂದು ನನಗೆ ಗೊತ್ತು: ಟ್ರ್ಯಾಕ್ಟರಿಗೆಂದು ತಂದಿಟ್ಟ ಕ್ಯಾನಿನಿಂದ, ಲುಂಗಿಯ ತುದಿಯನ್ನೇ ಸೋಸುಬಟ್ಟೆ ಮಾಡಿಕೊಂಡು ಟ್ಯಾಂಕಿಗೆ ಸುರಿಯುತ್ತೀರಿ. ಹಳೆಯ ಪಂಪು ಅದನ್ನೂ ಸಹಿಸಿಕೊಂಡು ಕೆಮ್ಮುತ್ತಾ ಓಡುತ್ತದೆ. ಕಾಮನ್ ರೈಲ್ ಇಂಜೆಕ್ಟರಿಗೆ ಒಂದು ಚಮಚ ನೀರು ಹೋದರೆ ಮುಗಿಯಿತು. ನಾಲ್ಕು ಇಂಜೆಕ್ಟರ್ ತೆಗೆದುಕೊಂಡು ನಮ್ಮ ಅಂಗಡಿಗೆ ಬಂದವರು ಬಿಲ್ಲು ಕೇಳಿ ಬೆಂಚಿನ ಮೇಲೆ ಕುಳಿತುಬಿಡುವುದನ್ನು ಕಂಡಿದ್ದೇನೆ.

ಹೊಸ ಕಾಲದ್ದೇ ಬೇಕು ಎಂಬ ಹಟವಿದ್ದರೆ ಹತ್ತಿರದ ನೆಂಟ ಎಂ2ಡಿಐಸಿಆರ್. ಅದೇ 2523 ಸಿಸಿಗೆ ಕಾಮನ್ ರೈಲ್ ಹಾಕಿದ್ದು. ಆದರೆ ಅದೂ 63 ಅಶ್ವಶಕ್ತಿಯೇ. ವೈರಿಂಗ್ ತಲೆನೋವು ಪೂರ್ತಿ, ಲಾಭ ಅರ್ಧ.

ಈಗ ನಾಳೆ ಬೆಳಿಗ್ಗೆ ದುಡ್ಡಿಲ್ಲದೆ ಮಾಡುವ ಕೆಲಸ. ಎಂಜಿನ್ ಕಾದ ಮೇಲೆ, ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ಅದೇ ಬಾಯಿಯ ಮೇಲೆ ಮಗುಚಿ ಇಡು. ಸುಮ್ಮನೆ ನಡುಗಿದರೆ ಚಿಂತೆಯಿಲ್ಲ. ಹಾರಿ ಬಿದ್ದು ಹೊಗೆ ಪುಕಪುಕ ಎಂದರೆ ಬ್ಯಾಕ್ ಕಂಪ್ರೆಷನ್, ಪಿಸ್ಟನ್ ರಿಂಗು ಸೋತಿದೆ. ಆಮೇಲೆ ಏರ್ ಕ್ಲೀನರಿನಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸ್ ಬಿಚ್ಚಿ ಒಳಗೆ ಬೆರಳು ಹಾಕಿ ನೋಡು. ಹೊರಗಿನಿಂದ ನೋಡಬೇಡ, ಬೆರಳು ಹಾಕು. ಹಳೆಯ ಹೋಸಿನ ಒಳಪದರ ಬಿಟ್ಟುಕೊಂಡು ನಾಲಿಗೆಯ ಹಾಗೆ ಜೋತು ಬೀಳುತ್ತದೆ. ನಿಂತಾಗ ಏನೂ ಗೊತ್ತಾಗುವುದಿಲ್ಲ. ಲೋಡ್ ಬಿದ್ದು ಟರ್ಬೊ ಜೋರಾಗಿ ಎಳೆದಾಗ ಅದೇ ನಾಲಿಗೆ ಗಂಟಲಿಗೆ ಅಡ್ಡ ಬರುತ್ತದೆ. ಗಾಳಿಯಿಲ್ಲದೆ ಡೀಸೆಲ್ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಕೊನೆಯದಾಗಿ, ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರದ ಡ್ರಮ್ಮು, ಡಿಸ್ಕಿನ ಹತ್ತಿರ ಕೈ ಒಯ್ದು ನೋಡು, ಮುಟ್ಟಬೇಡ. ಒಂದು ಮಾತ್ರ ಸುಡುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಬ್ರೇಕು ಹಿಡಿದ ಗಾಡಿಗೆ ಎಂಜಿನ್ ಬದಲಿಸಿದವರೂ ಇದ್ದಾರೆ, ಹೆಸರು ಹೇಳುವುದಿಲ್ಲ.

ಆರ್‌ಸಿ ಪುಸ್ತಕ

ಚಿತ್ರದುರ್ಗದಲ್ಲಿ ವಾಹನದ ಕಾಗದಪತ್ರದ ಕೆಲಸ ಮಾಡಿಸಿಕೊಡುತ್ತೇನೆ. ಎಂಜಿನ್ ವಿಷಯ ನನಗೆ ತಿಳಿಯದು, ಕಾಗದದ ವಿಷಯ ಹೇಳುತ್ತೇನೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಒತ್ತಿ ಹೇಳಿತು. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನ ಇರುವವರಿಗೆ ಪೂರ್ವಾನುಮತಿಯಿಲ್ಲದೆ ಎಂಜಿನ್ ಬದಲಿಸಲು ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ಅವಕಾಶ ಕೊಡಬಹುದು. ಆದರೆ ಅದೂ ಅದೇ ತಯಾರಿಕೆಯ, ಅದೇ ಬಗೆಯ ಎಂಜಿನ್ನಿಗೆ ಮಾತ್ರ, ಮತ್ತು 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ನಿಮಗಿರುವುದು ಒಂದು ಗಾಡಿ. ಸ್ಕಾರ್ಪಿಯೊ ಎಂಜಿನ್ನೂ ಮಹೀಂದ್ರದ್ದೇ ಎಂದು ವಾದಿಸಬಹುದು, "ಅದೇ ಬಗೆ" ಎಂದು ವಾದಿಸಲಾಗದು, ಸಿಸಿಯೇ ಬೇರೆ.

ಅನುಮತಿಯಿಲ್ಲದೆ ಮಾರ್ಪಡಿಸಿದರೆ 182ಎ(4) ಅಡಿಯಲ್ಲಿ ಆರು ತಿಂಗಳವರೆಗೆ ಸೆರೆ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಅದಕ್ಕಿಂತ ಹತ್ತಿರದ ಭಯ ಎಫ್‌ಸಿ. ನಿಮ್ಮ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಅಲ್ಲಿ ಚಾಸಿಸ್ ನಂಬರಿನ ಜೊತೆ ಎಂಜಿನ್ ನಂಬರನ್ನೂ ನೋಡಿದರೆ ಏನು ತೋರಿಸುತ್ತೀರಿ?

ಗುಜರಿಯವರು ಆ ಎಂಜಿನ್ನಿಗೆ ಬಿಲ್ಲು ಕೊಡುತ್ತಾರೆಯೇ, ಮೂಲ ಗಾಡಿಯ ಆರ್‌ಸಿ ರದ್ದಾಗಿದೆಯೇ ಎಂದು ಕೇಳಿ. ಕಳವಿನ ಗಾಡಿಯ ಎಂಜಿನ್ ಆಗಿದ್ದರೆ ಠಾಣೆಯಲ್ಲಿ ನಿಮ್ಮ ಭಾವಮೈದನ ವಿಡಿಯೊ ಉಪಯೋಗಕ್ಕೆ ಬರುವುದಿಲ್ಲ. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದೂ ಇಂಥ ನೆಪವನ್ನೇ.

ಹೊಸದುರ್ಗ ತೆಂಗು

ಮಾಡಿಸಿದವರು ಇದ್ದರೆ ಹೇಳಿ ಎಂದಿರಿ. ನಾನು ಮಾಡಿಸಿದ್ದೇನೆ. 2004ರ ಬೊಲೆರೊ ಕ್ಯಾಂಪರ್‌ಗೆ ಇದೇ ಎಂಹಾಕ್.

ಮೊದಲೇ ಹೇಳಿಬಿಡುತ್ತೇನೆ, ಓಡಿಸಲು ಬಹಳ ಚೆನ್ನಾಗಿದೆ. ಕೊಬ್ಬರಿ ತುಂಬಿಕೊಂಡು ತಿಪಟೂರಿಗೆ ಮೊದಲ ಸಲ ಹೋದಾಗ ಒಂದು ಕಾರನ್ನು ಹಿಂದೆ ಹಾಕಿದೆ. ಕಾರಿನವನು ಕನ್ನಡಿಯಲ್ಲಿ ಎರಡು ಸಲ ನೋಡಿದ. ಆ ನೋಟಕ್ಕೆ ನಾನು ಕೊಟ್ಟ ಬೆಲೆ ಎರಡು ಲಕ್ಷದ ನಲವತ್ತು ಸಾವಿರ.

ಎಂಜಿನ್ನಿಗೆ 85,000 ಕೊಟ್ಟಿದ್ದೆ. ಮಿಕ್ಕಿದ್ದೆಲ್ಲ ಎಂಜಿನ್ ಅಲ್ಲದ್ದಕ್ಕೆ ಹೋಯಿತು. ಆಯಿಲ್ ಸಂಪು ಮುಂದಿನ ಅಡ್ಡಪಟ್ಟಿಗೆ ತಾಗುತ್ತಿತ್ತು. ಎಂಜಿನ್ ಕೂರುವ ಫೌಂಡೇಶನ್ ಕತ್ತರಿಸಿ ಹೊಸದಾಗಿ ಬೆಸುಗೆ ಹಾಕಿದರು. ಸ್ಕಾರ್ಪಿಯೊ ಗೇರ್‌ಬಾಕ್ಸ್ ಹಾಕಿದ್ದರಿಂದ ಗೇರ್ ಕೋಲು ಸರಿದು ಕ್ಯಾಬಿನ್ನಿನ ತಗಡು ಕೊರೆಯಬೇಕಾಯಿತು. ಪ್ರೊಪೆಲ್ಲರ್ ಶಾಫ್ಟನ್ನು ಲೇತಿನಲ್ಲಿ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕಾಯಿತು. ಮೊದಲ ಸಲ ಬ್ಯಾಲೆನ್ಸ್ ಮಾಡಲಿಲ್ಲ, ಅರವತ್ತರ ವೇಗದಲ್ಲಿ ಸೀಟಿನ ಕೆಳಗೆ ರಾಗಿ ಬೀಸುವ ಕಲ್ಲು ಇಟ್ಟ ಹಾಗೆ ಇತ್ತು. ಇಂಟರ್‌ಕೂಲರ್‌ಗೆ ಜಾಗ, ದೊಡ್ಡ ರೇಡಿಯೇಟರ್, ಹೊಸ ಹೋಸುಗಳು. ಹಳೆಯ ಗಾಡಿಯಲ್ಲಿ ಆಕ್ಸಿಲರೇಟರಿಗೆ ಕೇಬಲ್ ಇತ್ತು. ಎಂಹಾಕ್‌ಗೆ ಕೇಬಲ್ ಇಲ್ಲ, ಪೆಡಲ್ಲೂ ಎಲೆಕ್ಟ್ರಾನಿಕ್. ಆ ಪೆಡಲ್ಲನ್ನೂ ಅದೇ ಗಾಡಿಯಿಂದ ತರಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ವೈರಿಂಗಿನದು. ಗುಜರಿಯಲ್ಲಿ ಎಂಜಿನ್ ಇಳಿಸಿದವನು ಕನೆಕ್ಟರ್ ಬಿಚ್ಚುವ ಬದಲು ಕಟಿಂಗ್ ಪ್ಲೇಯರ್‌ನಲ್ಲಿ ತಂತಿಗಳನ್ನು ಕೊಯ್ದು ಕೊಟ್ಟಿದ್ದ. ಎಂಜಿನ್ ನಡೆಸುವ ಕಂಪ್ಯೂಟರ್ ಇಸಿಯು ಕೊಟ್ಟ, ಕೀಲಿಕೈ ಕೊಡಲಿಲ್ಲ. ಕಳವು ತಡೆಯುವ ಇಮ್ಮೊಬಿಲೈಸರ್ ಆ ಕೀಲಿಕೈಯನ್ನೇ ಕೇಳುತ್ತದೆ. ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಕೀಲಿ ಹುಡುಕಿಕೊಂಡು ಎರಡು ಸಲ ಹೋಗಿ ಬಂದೆ. ಎಲೆಕ್ಟ್ರಿಷಿಯನ್ ಹುಡುಗ ಪ್ರತಿ ತಂತಿಗೂ ಬಿಳಿ ಟೇಪು ಸುತ್ತಿ ಬಾಲ್ ಪೆನ್ನಿನಲ್ಲಿ ನಂಬರ್ ಬರೆದು, ಶಾಲೆಯ ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದುಕೊಂಡ. ಹದಿನೈದು ದಿನ ಎಂದವರು ಒಂಬತ್ತು ವಾರ ತೆಗೆದುಕೊಂಡರು.

ಆಮೇಲೆ ಆರ್‌ಸಿ ಪುಸ್ತಕದವರು ಹೇಳಿದ್ದೇ ಆಯಿತು. ಎಫ್‌ಸಿ ಮುಗಿದ ಮೇಲೆ ಗಾಡಿಯನ್ನು ರಸ್ತೆಗೆ ಇಳಿಸುವ ಧೈರ್ಯ ಬರಲಿಲ್ಲ. ಈಗ ತೋಟದೊಳಗೇ ಕಾಯಿ ಸಾಗಿಸುತ್ತದೆ. ಕಳೆದ ಮಳೆಗಾಲದಲ್ಲಿ ಇಲಿ ಒಂದು ತಂತಿ ಕಡಿದಿತ್ತು. ಯಾವ ತಂತಿ ಎಂದು ಹುಡುಕಲು ಆ ನೋಟ್‌ಬುಕ್ ಬೇಕಾಯಿತು. ಹುಡುಗ ಬೆಂಗಳೂರಿಗೆ ಹೋಗಿದ್ದ, ನೋಟ್‌ಬುಕ್ಕೂ ಅವನ ಜೊತೆಗೇ ಹೋಗಿತ್ತು. 120 ಅಶ್ವಶಕ್ತಿಯ ಗಾಡಿಯನ್ನು ಎತ್ತು ಕಟ್ಟಿ ಶೆಡ್ಡಿಗೆ ಎಳೆಸಿದೆ.

ಭರಮಸಾಗರ ಪಿಕಪ್

ಎಲ್ಲರಿಗೂ ಕೈ ಮುಗಿದೆ. ನಾಝಲ್ ಅಣ್ಣ ಹೇಳಿದ ಹಾಗೆ ಮಾಡಿದೆ. ಆಯಿಲ್ ಮುಚ್ಚಳ ಹಾರಿ ಬೀಳಲಿಲ್ಲ, ಆದರೆ ತಾಳ ಹಾಕಿದ ಹಾಗೆ ಕುಣಿಯಿತು, ಹೊಗೆಯೂ ಬಂತು. ಹೋಸಿನೊಳಗೆ ಬೆರಳು ಹಾಕಿದರೆ ನಿಜವಾಗಿಯೂ ನಾಲಿಗೆ! ಅರ್ಧ ಅಂಗೈ ಅಗಲದ ರಬ್ಬರು, ಒಳಗಿನ ನೂಲೆಲ್ಲ ಬಿಟ್ಟುಕೊಂಡಿದೆ. ಹೊರಗಿನಿಂದ ಹೊಸದರ ಹಾಗೆ ಹೊಳೆಯುತ್ತಿತ್ತು. ಕಳೆದ ದಸರೆಗೆ ನಾನೇ ಒರೆಸಿ ಕುಂಕುಮ ಇಟ್ಟಿದ್ದೆ. ಹೋಸ್ ಬದಲಿಸಿದೆ, 700 ರೂಪಾಯಿ. ಅದೇ ಇಪ್ಪತ್ತನಾಲ್ಕು ಚೀಲ (ಹದಿನೆಂಟು) ಹಾಕಿಕೊಂಡು ಮೂರನೇ ಗೇರಿನಲ್ಲೇ ಸೇತುವೆ ಹತ್ತಿದೆ, ಸ್ವಲ್ಪ ಏದುಸಿರು ಬಿಟ್ಟಿತು. ಹೊಗೆ ಕಡಿಮೆಯಾಗಿದೆ, ನಿಂತಿಲ್ಲ. ಬ್ರೇಕ್ ಯಾವುದೂ ಸುಡುತ್ತಿಲ್ಲ. ಈಗೇನು ಮಾಡಲಿ?

ಹಳೇ ನಾಝಲ್

ಕಂಪ್ರೆಷನ್ ಗೇಜ್ ಇರುವ ಕಡೆ ನಾಲ್ಕೂ ಸಿಲಿಂಡರ್ ನೋಡಿಸಿ ನಂಬರ್ ಹಾಕು. "ಚೆನ್ನಾಗಿದೆ", "ಸಾಧಾರಣ" ಎಂಬ ಮಾತು ಬೇಡ, ನಂಬರ್ ಬೇಕು. ನಾಲ್ಕೂ ಒಂದೇ ಸಮ ಕಡಿಮೆಯಿದ್ದರೆ ಎಂಜಿನ್ನಿಗೆ ವಯಸ್ಸಾಗಿದೆ. ಒಂದು ಮಾತ್ರ ಕಡಿಮೆಯಿದ್ದರೆ ಆ ಒಂದಕ್ಕೆ ಏನೋ ಆಗಿದೆ. ನಾಝಲ್ ನಾಲ್ಕನ್ನೂ ಬಿಚ್ಚಿ ತಂದುಕೊಡು. ಮಗನಿಗೆ ಹೇಳಿರುತ್ತೇನೆ, ಬರುವಾಗ ವಾಷರ್ ಕಳೆದುಕೊಳ್ಳಬೇಡ.

ಭರಮಸಾಗರ ಪಿಕಪ್

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ನಂಬರ್: 370, 365, 240, 370 ಪೌಂಡ್. ಮೂರನೆಯದು ಸತ್ತಿತ್ತು. ಹೆಡ್ ಇಳಿಸಿ ಬಿಚ್ಚಿದರೆ ಮೂರನೇ ಪಿಸ್ಟನ್ನಿನ ಮೇಲಿನ ರಿಂಗು ಎರಡು ತುಂಡು. ಒಂದು ತುಂಡನ್ನು ಮೇಸ್ತ್ರಿ ನನ್ನ ಅಂಗೈಗೆ ಹಾಕಿದರು, ಉಗುರಿನಷ್ಟು ಉದ್ದ, ಒಂದು ಬದಿ ಕನ್ನಡಿಯ ಹಾಗೆ ಸವೆದಿತ್ತು. ಪಿಸ್ಟನ್ ಓಡುವ ಸ್ಲೀವಿನಲ್ಲಿ ಉದ್ದಕ್ಕೂ ಗೀರು. ಅರ್ಧ ಮಾಡುವುದು ಬೇಡ ಎಂದು ನಾಲ್ಕಕ್ಕೂ ಬ್ಲಾಕ್ ಕಿಟ್ (ಪಿಸ್ಟನ್, ರಿಂಗು, ಸ್ಲೀವು) ಹಾಕಿಸಿದೆ. ವಾಲ್ವ್ ಕೂರಿಸಿ, ನಾಝಲ್, ಪಂಪ್ ಕ್ಯಾಲಿಬ್ರೇಷನ್ ಎಲ್ಲ ಸೇರಿ 52,000. ಈ ಗ್ಯಾರೇಜು ಬೇರೆ. 40,000 ಹೇಳಿದವರಿಗೆ ನಮಸ್ಕಾರ ಹೇಳಿದೆ. ಆರ್‌ಸಿ ಪುಸ್ತಕದವರೇ, ಎಂಜಿನ್ ನಂಬರ್ ಅದೇ ಇದೆ, ನಿಶ್ಚಿಂತೆಯಿಂದ ಮಲಗಿ.

ಇನ್ನೊಂದು ಸಂಗತಿ. ಇಳಿಸಿದ ಪಿಸ್ಟನ್‌ಗಳು ಕಂಪನಿಯವಲ್ಲ, ಹೊರಗಿನವು ಎಂದು ಮೇಸ್ತ್ರಿ ತೋರಿಸಿದರು. ಅಂದರೆ ಅಪ್ಪನ ಕಾಲದಲ್ಲೇ ಒಮ್ಮೆ ಈ ಕೆಲಸ ಆಗಿದೆ. ಅಮ್ಮನನ್ನು ಕೇಳಿದರೆ, "ಇಲ್ಲವಲ್ಲ, ಅವರು ಒಂದು ಸಲ ಕ್ಲಚ್ ಹಾಕಿಸಿದ್ದರು ಅಷ್ಟೇ, ಅದಕ್ಕೇ ನನ್ನ ಬಳೆ ಅಡವಿಟ್ಟಿದ್ದು" ಎಂದರು. ನಾನು ಸುಮ್ಮನಾದೆ.

ಉಳಿದದ್ದು ಮುಂಗಡದ ಹತ್ತು ಸಾವಿರ. ಗುಜರಿಯವನು ದುಡ್ಡು ವಾಪಸ್ ಕೊಡುವುದಿಲ್ಲ, ಸಾಮಾನು ಬೇಕಾದರೆ ತೆಗೆದುಕೊಂಡು ಹೋಗಿ ಎನ್ನುತ್ತಿದ್ದಾನೆ. ಅದೇ ಸ್ಕಾರ್ಪಿಯೊದ ಮುಂದಿನ ಎರಡು ಸೀಟು ಕೊಡುತ್ತಾನಂತೆ, ಚೆನ್ನಾಗಿವೆ, ಹರಿದಿಲ್ಲ. ಮನೆಯಲ್ಲಿ ತೋರಿಸುವುದಕ್ಕೆ ಏನಾದರೂ ಆದೀತು ಎಂದು ನೋಡುತ್ತಿದ್ದೇನೆ. ತೆಂಗಿನವರೇ, ಆ ಸೀಟು ಪಿಕಪ್ಪಿನ ಕ್ಯಾಬಿನ್ನಿಗೆ ಕೂರುತ್ತದೆಯೇ, ಅಥವಾ ಅದಕ್ಕೂ ತಗಡು ಕೊರೆಯಬೇಕೇ?